ಅಂಬಲಿ ಕುದಿದ ಮೇಲೆ ಉಳಿಯುವುದೇನು?

ಎಳ್ಳಮಾವಾಸ್ಯೆಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರ ಮನೆಗಳಲ್ಲಿ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗೆ, ಹಸಿ ಕಾಳು ಮತ್ತು ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ ಎಲ್ಲವೂ ಆಗಬೇಕು. ಆದರೆ ಇವೆಲ್ಲಕ್ಕಿಂತ ಮೊದಲು ಶುರುವಾಗುವ ಕೆಲಸ ಅಂಬಲಿಯದು. ಹಿಂದಿನ ದಿನವೇ ಜೋಳದ ಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಗಂಟಿಲ್ಲದಂತೆ ಕಲಸಿ, ಗಡಗಿಯ ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಬೆಚ್ಚನೆಯ ಮಗ್ಗುಲಲ್ಲಿ ಇಡುತ್ತಾರೆ. ಬೆಳಗಾಗುವಷ್ಟರಲ್ಲಿ ಮೇಲೆ ಸಣ್ಣ ಗುಳ್ಳೆ ಎದ್ದಿರುತ್ತವೆ.

"ಅತ್ತಿ, ಹುಳಿ ಬಂದದ ನೋಡ್ರಿ."

"ಹಂಗಾರ ನೀರು ಕಾಯಾಕ ಇಡವ್ವ. ಬಳ್ಳೊಳ್ಳಿ ಜಜ್ಜೀ ಏನು?"

ಕುದಿಯುವ ನೀರಿಗೆ ಹುಳಿ ಹಿಟ್ಟನ್ನು ಸಣ್ಣಗೆ ಸುರಿಯುತ್ತ, ಕೈ ಬಿಡದೆ ತಿರುವುತ್ತಾರೆ. ಮೊದಲು ಬಿಳಿ ನೊರೆ ಏಳುತ್ತದೆ, ಆಮೇಲೆ ಹಿಟ್ಟು ದಪ್ಪಗಾಗಿ ಬುಳುಬುಳು ಎನ್ನುತ್ತದೆ. ಉಪ್ಪು, ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಬೀಳುತ್ತವೆ. ಪೂರ್ತಿ ಆರಿದ ಮೇಲೆ ಮತ್ತೆ ಮಜ್ಜಿಗೆ ಹಾಕಿ ತೆಳ್ಳಗೆ ಮಾಡಿದರೆ ಅಂಬಲಿ ಸಿದ್ಧ. ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಬಂಧುಬಳಗ ಕೂಡಿ ಊಟಕ್ಕೆ ಕುಳಿತಾಗ ರೊಟ್ಟಿ-ಭಜ್ಜಿಯ ಜೊತೆ ಎಷ್ಟು ಕುಡಿದರೂ ಹೊಟ್ಟೆ ಭಾರ ಎನ್ನಿಸದ ಪದಾರ್ಥ ಅದು.

ಇಲ್ಲಿ ಒಂದು ಪ್ರಶ್ನೆಯಿದೆ. ರಾತ್ರಿಯಿಡೀ ಹಿಟ್ಟಿನಲ್ಲಿ ಕೋಟಿಗಟ್ಟಲೆ ಬೆಳೆದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕುದಿಯುವ ನೀರಿಗೆ ಬಿದ್ದೊಡನೆ ಸಾಯುತ್ತವೆ. ಹಾಗಾದರೆ ಹುಳಿಸಿದ್ದರಿಂದ ಬಂದ ಲಾಭವೂ ಅಲ್ಲಿಗೇ ಮುಗಿಯಿತೇ? ಬಹಳ ವರ್ಷ ಪೌಷ್ಟಿಕತಜ್ಞರು ಹೆಚ್ಚೂ ಕಡಿಮೆ ಹಾಗೆಯೇ ತಿಳಿದಿದ್ದರು. ಬದುಕಿರುವ ಬ್ಯಾಕ್ಟೀರಿಯಾ ಮಾತ್ರ ಕರುಳಿಗೆ ಉಪಕಾರಿ, ಸತ್ತದ್ದು ಬರೀ ಕಸ ಎಂಬ ನಂಬಿಕೆ ಅದು. ಕಳೆದ ಎರಡು ದಶಕಗಳಲ್ಲಿ ಆ ನಂಬಿಕೆ ಸಡಿಲವಾಗಿದೆ. ಸತ್ತ ಸೂಕ್ಷ್ಮಾಣುಗಳೂ ಅವುಗಳ ದೇಹದ ಚೂರುಗಳೂ ಆರೋಗ್ಯಕ್ಕೆ ನೆರವಾಗಬಲ್ಲವು ಎಂಬುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದೆ. ಅಂಥ ತಯಾರಿಕೆಗಳಿಗೆ ಇಟ್ಟಿರುವ ಹೆಸರು ಪೋಸ್ಟ್‌ಬಯಾಟಿಕ್.

2021ರಲ್ಲಿ ಪ್ರೋಬಯಾಟಿಕ್ ಮತ್ತು ಪ್ರಿಬಯಾಟಿಕ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಇದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಸೆಪ್ಪೊ ಸಾಲ್ಮಿನೆನ್ ಅದನ್ನು ರೂಪಿಸಿದ ತಂಡದ ಮೊದಲ ಹೆಸರು. ನಿರ್ಜೀವ ಸೂಕ್ಷ್ಮಾಣುಗಳು ಅಥವಾ ಅವುಗಳ ಭಾಗಗಳಿಂದ ಮಾಡಿದ, ಸೇವಿಸಿದವರ ಆರೋಗ್ಯಕ್ಕೆ ಪ್ರಯೋಜನ ಕೊಡುವ ತಯಾರಿಕೆಯೇ ಪೋಸ್ಟ್‌ಬಯಾಟಿಕ್ ಎಂಬುದು ಅದರ ಸಾರ. ಯಾವ ಸೂಕ್ಷ್ಮಾಣು, ಅದನ್ನು ಹೇಗೆ ನಿರ್ಜೀವಗೊಳಿಸಿದರು, ಪ್ರಯೋಜನ ಏನು ಎಂಬುದೆಲ್ಲ ಪ್ರಯೋಗದಿಂದ ಗೊತ್ತಾಗಿರಬೇಕು. ಈ ಅಳತೆಗೋಲಿನಲ್ಲಿ ನಮ್ಮ ಅಂಬಲಿ ಪೋಸ್ಟ್‌ಬಯಾಟಿಕ್ ಅಲ್ಲ. ಒಂದೊಂದು ಮನೆಯ ಮಜ್ಜಿಗೆಯಲ್ಲಿ ಒಂದೊಂದು ಬಗೆಯ ಬ್ಯಾಕ್ಟೀರಿಯಾ ಇರುತ್ತದೆ, ಯಾರೂ ಎಣಿಸಿಲ್ಲ, ರೋಗಿಗಳ ಮೇಲೆ ಪರೀಕ್ಷಿಸಿಲ್ಲ. ಹಾಗಿದ್ದೂ ಈ ವಿಜ್ಞಾನ ಏನು ಹೇಳುತ್ತಿದೆ ಎಂದು ತಿಳಿಯಲು ಅಂಬಲಿಯ ಗಡಗಿಗಿಂತ ಒಳ್ಳೆಯ ಪಾಠಶಾಲೆ ನಮ್ಮ ಸೀಮೆಯಲ್ಲಿ ಬೇರೆ ಇಲ್ಲ ಎಂದೇ ನನ್ನ ನಂಬಿಕೆ. ಕುದಿಯುವಾಗ ಸತ್ತವು, ಆರಿದ ಮೇಲೆ ಹಾಕಿದ ಮಜ್ಜಿಗೆಯ ಜೀವಂತ ಬ್ಯಾಕ್ಟೀರಿಯಾ, ಕರುಳಿನ ನಿವಾಸಿಗಳಿಗೆ ಆಹಾರವಾಗುವ ಜೋಳದ ನಾರು, ಈ ಮೂರೂ ಅದರಲ್ಲಿ ಒಟ್ಟಿಗಿವೆ.

ಇಡ್ಲಿಯ ಕಥೆಯೂ ಇದೇ. ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಹಬೆಯಲ್ಲಿ ಬೆಂದ ಮೇಲೆ ಅದು ಬದುಕುವುದಿಲ್ಲ. ಇಡ್ಲಿ ತಿಂದರೆ ಹೊಟ್ಟೆಗೆ ಜೀವಂತ ಬ್ಯಾಕ್ಟೀರಿಯಾ ಹೋಗುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶ ನಿಜವಲ್ಲ. ಇಡ್ಲಿಯ ಹೆಸರು ಕನ್ನಡದಲ್ಲಿ ಮೊದಲು ಸಿಗುವುದು 10ನೇ ಶತಮಾನದ 'ವಡ್ಡಾರಾಧನೆ'ಯಲ್ಲಿ, 'ಇಡ್ಡಲಿಗೆ' ಎಂದು. ಆಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಇಂದಿನ ಮಳಖೇಡ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚಯ ಅವರು ಹಳೆಯ ಇಡ್ಡಲಿಗೆ ಉದ್ದಿನದಷ್ಟೇ ಆಗಿತ್ತು, ಅಕ್ಕಿ ಬೆರೆಸಿ ದೀರ್ಘಕಾಲ ಹುಳಿಸುವ ಕ್ರಮ ಆಮೇಲೆ ಬಂದದ್ದು ಎಂದು ವಾದಿಸಿದ್ದರು. ಉದ್ದು ಇಂದಿಗೂ ಸೇಡಂ, ಚಿಂಚೋಳಿ ಹೊಲಗಳ ಮುಂಗಾರು ಬೆಳೆ.

ಸತ್ತ ಬ್ಯಾಕ್ಟೀರಿಯಾ ಕೆಲಸ ಮಾಡುವುದಾದರೂ ಹೇಗೆ? ಕರುಳಿನ ಒಳಗೋಡೆಯ ಜೀವಕೋಶಗಳ ಮೇಲೆ ಹೊರಗಿನವರನ್ನು ಗುರುತಿಸುವ ಗ್ರಾಹಿಗಳಿವೆ. ಅವು ನೋಡುವುದು ಬ್ಯಾಕ್ಟೀರಿಯಾದ ಹೊರಕವಚವನ್ನು, ಅಲ್ಲಿನ ಪ್ರೋಟೀನು ಮತ್ತು ಸಕ್ಕರೆ ಸರಪಳಿಗಳನ್ನು. ಒಳಗೆ ಜೀವ ಇದೆಯೋ ಇಲ್ಲವೋ ಎಂಬುದು ಅವಕ್ಕೆ ಲೆಕ್ಕವಿಲ್ಲ. ಹದವಾದ ಶಾಖದಲ್ಲಿ ಸತ್ತ ಬ್ಯಾಕ್ಟೀರಿಯಾದ ಕವಚ ಬಹುಮಟ್ಟಿಗೆ ಹಾಗೆಯೇ ಉಳಿಯುವುದರಿಂದ ಸಂಕೇತವೂ ಉಳಿಯುತ್ತದೆ. ಆ ಸಂಕೇತ ಸಿಕ್ಕಾಗ ಕರುಳಿನ ಕೋಶಗಳು ಪರಸ್ಪರ ಬಿಗಿಯಾಗಿ ಹೆಣೆದುಕೊಳ್ಳುವುದು, ಲೋಳೆಯ ಪದರ ದಪ್ಪವಾಗುವುದು, ಅನಗತ್ಯ ಉರಿಯೂತ ತಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ.

ಇದಕ್ಕೆ ಹೆಸರಾದ ಉದಾಹರಣೆ ಅಕ್ಕರ್‌ಮ್ಯಾನ್ಸಿಯಾ ಮ್ಯೂಸಿನಿಫಿಲಾ. ಕರುಳಿನ ಲೋಳೆಯಲ್ಲೇ ಬದುಕುವ ಈ ಬ್ಯಾಕ್ಟೀರಿಯಾವನ್ನು 2004ರಲ್ಲಿ ನೆದರ್‌ಲೆಂಡ್ಸಿನ ವಿಜ್ಞಾನಿಗಳು ಮೊದಲು ವರ್ಣಿಸಿದರು. 70 ಡಿಗ್ರಿ ಶಾಖದಲ್ಲಿ ಅರ್ಧ ತಾಸು ಇಟ್ಟು ಕೊಂದ ಬ್ಯಾಕ್ಟೀರಿಯಾ ಇಲಿಗಳಲ್ಲಿ ಜೀವಂತವಾದುದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು 2017ರಲ್ಲಿ ಗೊತ್ತಾಯಿತು. ಅದರ ಹೊರಕವಚದ ಒಂದು ಪ್ರೋಟೀನು ಆ ಶಾಖವನ್ನು ತಾಳಿಕೊಳ್ಳುತ್ತದೆ. 2019ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಮೈಭಾರ ಹೆಚ್ಚಿದ್ದು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದವರ ಮೇಲೆ ಮೂರು ತಿಂಗಳು ಪ್ರಯೋಗ ನಡೆಸಿದರು. ಕೊನೆಯವರೆಗೆ ಉಳಿದವರು 32 ಜನ. ಸತ್ತ ಬ್ಯಾಕ್ಟೀರಿಯಾ ತೆಗೆದುಕೊಂಡವರಲ್ಲಿ ಇನ್ಸುಲಿನ್ ಸ್ಪಂದನೆ ಸುಧಾರಿಸಿತು, ಕೊಲೆಸ್ಟರಾಲ್ ಇಳಿಯಿತು. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. 32 ಜನರ ಫಲಿತಾಂಶ ಹಿಡಿದು ಸಕ್ಕರೆ ಕಾಯಿಲೆಗೆ ಮದ್ದು ಸಿಕ್ಕಿತು ಎನ್ನಲಾಗದು. ಆದರೆ ಸತ್ತದ್ದು ಕಸ ಎನ್ನುವ ಮಾತೂ ಆಮೇಲೆ ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಯೋಗ ಜರ್ಮನಿಯದು, ಪ್ರಕಟವಾದದ್ದು 2020ರಲ್ಲಿ. ಊಟವಾದರೆ ಹೊಟ್ಟೆ ಹಿಡಿಯುವುದು, ಉಬ್ಬರ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ, ಎಲ್ಲ ತಪಾಸಣೆ ಮಾಡಿದರೂ ಏನೂ ಸಿಗದಿರುವುದು, ವೈದ್ಯರು ಐ.ಬಿ.ಎಸ್. ಎಂದು ಬರೆಯುವ ಈ ತೊಂದರೆಯ 443 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಾಖದಿಂದ ನಿಷ್ಕ್ರಿಯಗೊಳಿಸಿದ ಬಿಫಿಡೊಬ್ಯಾಕ್ಟೀರಿಯಂ ಬಿಫಿಡಂನ ಒಂದು ತಳಿಯನ್ನು, ಇನ್ನೊಂದಕ್ಕೆ ಹುಸಿಗುಳಿಗೆಯನ್ನು ಎಂಟು ವಾರ ಕೊಟ್ಟರು. ನಿಗದಿ ಮಾಡಿದ ಮಟ್ಟದ ಉಪಶಮನ ಮೊದಲ ಗುಂಪಿನಲ್ಲಿ ಶೇ 34ರಷ್ಟು ಜನರಿಗೆ, ಎರಡನೆಯದರಲ್ಲಿ ಶೇ 19ರಷ್ಟು ಜನರಿಗೆ ಸಿಕ್ಕಿತು. ಲಾಭ ನಿಜ. ಮೂವರಲ್ಲಿ ಇಬ್ಬರಿಗೆ ಅದು ಸಾಲಲಿಲ್ಲ ಎಂಬುದೂ ಅಷ್ಟೇ ನಿಜ. ಗುಳಿಗೆ ಮಾರುವವರು ಮೊದಲ ಸಂಖ್ಯೆಯನ್ನಷ್ಟೇ ಹೇಳುತ್ತಾರೆ, ಕೊಳ್ಳುವವರು ಎರಡನ್ನೂ ಕೇಳಬೇಕು.

ಸತ್ತ ಬ್ಯಾಕ್ಟೀರಿಯಾವನ್ನು ಔಷಧವಾಗಿ ಕೊಡುವುದು ಹೊಸದೇನಲ್ಲ. ಮೊಸರಿನಂಥ ಹುಳಿಹಾಲು ಆಯಸ್ಸು ಹೆಚ್ಚಿಸುತ್ತದೆ ಎಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕಾಫ್ ಪ್ರಚಾರ ಮಾಡುತ್ತಿದ್ದ ಕಾಲದಲ್ಲೇ, 20ನೇ ಶತಮಾನದ ಮೊದಲ ದಶಕದಲ್ಲಿ, ಫ್ರಾನ್ಸಿನಲ್ಲಿ ಲ್ಯಾಕ್ಟಿಯೋಲ್ ಎಂಬ ಭೇದಿಯ ಔಷಧ ಹುಟ್ಟಿತು. ಶಾಖದಿಂದ ಕೊಂದ ಲ್ಯಾಕ್ಟೊಬ್ಯಾಸಿಲಸ್ ಅದರ ಸರಕು. ಮೆಚ್ನಿಕಾಫರಿಗೆ 1908ರಲ್ಲಿ ನೊಬೆಲ್ ಬಂತು, ಅದು ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಸಂಶೋಧನೆಗೆ.

ನಮ್ಮ ಸೀಮೆಗೆ ಪೋಸ್ಟ್‌ಬಯಾಟಿಕ್ ಒಪ್ಪುವ ಒಂದು ಕಾರಣ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 43 ಡಿಗ್ರಿ ದಾಟುವುದು ಅಪರೂಪವಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯ ಅಂಗಳದಲ್ಲಿ ಮಧ್ಯಾಹ್ನ ಎರಡಕ್ಕೆ ನಿಂತವರಿಗೆ ಆ ಕಾವು ಏನೆಂದು ಗೊತ್ತು. ಪ್ರೋಬಯಾಟಿಕ್ ಎಂದು ಮಾರುವ ಪದಾರ್ಥದಲ್ಲಿ ದಿನದ ಪ್ರಮಾಣಕ್ಕೆ ಕನಿಷ್ಠ 10 ಕೋಟಿ ಜೀವಂತ ಸೂಕ್ಷ್ಮಾಣು ಇರಬೇಕು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಕಾರ್ಖಾನೆಯಿಂದ ಹೊರಟಾಗ ಅಷ್ಟಿದ್ದರೂ, ಲಾರಿಯಲ್ಲಿ ಬಂದು, ಕರೆಂಟು ಹೋಗಿ ಬರುವ ಅಂಗಡಿಯ ಫ್ರಿಜ್ಜಿನಲ್ಲಿ ಕೂತು, ಚಿಂಚೋಳಿಯ ಹಳ್ಳಿಯೊಂದನ್ನು ತಲುಪುವ ಹೊತ್ತಿಗೆ ಎಷ್ಟು ಉಳಿದೀತು? ಸತ್ತದ್ದಕ್ಕೆ ಈ ಚಿಂತೆ ಇಲ್ಲ. ಮೈಯಲ್ಲಿ ಅದು ಬೆಳೆಯುವ ಪ್ರಶ್ನೆಯೂ ಇಲ್ಲದ ಕಾರಣ, ತೀರ ನಿಶ್ಶಕ್ತರಲ್ಲಿ ಜೀವಂತ ಬ್ಯಾಕ್ಟೀರಿಯಾ ಅಪರೂಪಕ್ಕೆ ರಕ್ತಕ್ಕೆ ಸೇರಿ ಸೋಂಕು ಮಾಡುವ ಅಪಾಯವೂ ಇದರಲ್ಲಿ ಇರುವುದಿಲ್ಲ. ಅವಧಿ ತುಂಬದೆ ಹುಟ್ಟಿದ ಶಿಶುಗಳಿಗೆ ಜೀವಂತ ಪ್ರೋಬಯಾಟಿಕ್ ಕೊಡುವ ಬಗ್ಗೆ ಅಮೆರಿಕದ ಔಷಧ ಇಲಾಖೆ 2023ರಲ್ಲಿ ಎಚ್ಚರಿಕೆ ಕೊಟ್ಟದ್ದು ಇದೇ ಕಾರಣಕ್ಕೆ.

ಇಷ್ಟಾದರೂ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಗುಳಿಗೆಯ ಹತ್ತಿರ ಅಲ್ಲ, ರೊಟ್ಟಿಯ ಬುಟ್ಟಿಯ ಹತ್ತಿರ. ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂಬುದು 2016ರ ಲೆಕ್ಕ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಿಕೊಳ್ಳಲಾಗದ ನಾರು ಅಲ್ಲಿಗೆ ಹೋದರೆ ಅವು ಅದನ್ನು ಹುಳಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಗೋಡೆಯ ಕೋಶಗಳು ತಮಗೆ ಬೇಕಾದ ಶಕ್ತಿಯ ಸುಮಾರು ಶೇ 70ರಷ್ಟನ್ನು ಬ್ಯುಟಿರೇಟಿನಿಂದಲೇ ಪಡೆಯುತ್ತವೆ. ನಾರು ಕಡಿಮೆಯಾದರೆ ಆ ಕೋಶಗಳ ಊಟವೇ ಕಡಿಮೆಯಾದಂತೆ. ಬ್ಯುಟಿರೇಟ್ ರೋಗನಿರೋಧಕ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡುವ ಕೋಶಗಳನ್ನು ಹೆಚ್ಚಿಸುತ್ತದೆ ಎಂದು 2013ರಲ್ಲಿ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಹಸಿವು ಮತ್ತು ಸಕ್ಕರೆ ನಿಯಂತ್ರಿಸುವ ಹಾರ್ಮೋನುಗಳಿಗೂ ಈ ಆಮ್ಲಗಳಿಗೂ ನಂಟಿದೆ. ಕರುಳಿನ ಆರೋಗ್ಯ ಮೈಯೆಲ್ಲದರ ಆರೋಗ್ಯಕ್ಕೆ ತಾಗುತ್ತದೆ ಎನ್ನುವ ಮಾತಿನ ಆಧಾರ ಇಲ್ಲಿದೆ. ಈ ಆಮ್ಲಗಳನ್ನು ಬಿಡಿಯಾಗಿ ಶುದ್ಧೀಕರಿಸಿದರೆ ಅದು 2021ರ ವ್ಯಾಖ್ಯೆಯಂತೆ ಪೋಸ್ಟ್‌ಬಯಾಟಿಕ್ ಅಲ್ಲ. ಆದರೆ ಕರುಳಿನಲ್ಲಿ ಅವು ತಯಾರಾಗುವುದು ನಾವು ಏನು ಉಣ್ಣುತ್ತೇವೆ ಎಂಬುದರ ಮೇಲೆಯೇ ನಿಂತಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಸಜ್ಜೆಯಲ್ಲಿ 11 ಗ್ರಾಂ ದಾಟಿ, ತೊಗರಿ ಬೇಳೆಯಲ್ಲಿ 9 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು ಎಂಬ ಲೆಕ್ಕದಲ್ಲಿ, ಮೂರು ಜೋಳದ ರೊಟ್ಟಿ, ಒಂದು ಬಟ್ಟಲು ಬ್ಯಾಳಿ, ಪುಂಡಿ ಪಲ್ಯ, ಅಗಸಿ ಹಿಂಡಿ, ಶೇಂಗಾ ಹಿಂಡಿ ಇದ್ದರೆ ಬಹುಪಾಲು ಕೈಗೂಡಿತು. ಇದೇ ಹೊಟ್ಟೆಗೆ ಎರಡು ಹೊತ್ತೂ ಅನ್ನ, ನೀರುಸಾರು, ಸಂಜೆಗೆ ಸುಸಲಾ-ಮಿರ್ಚಿ ಬಿದ್ದರೆ ಅರ್ಧವೂ ಆಗುವುದಿಲ್ಲ. ಬೆಂದು ಆರಿದ ಪಿಷ್ಟದ ಒಂದಂಶ ಸಣ್ಣ ಕರುಳಿನಲ್ಲಿ ಕರಗದೆ ನಾರಿನಂತೆಯೇ ದೊಡ್ಡ ಕರುಳಿಗೆ ಹೋಗುತ್ತದೆ. ತಣ್ಣಗಾದ ರೊಟ್ಟಿ, ಆರಿದ ಅಂಬಲಿ ಎರಡಕ್ಕೂ ಈ ಮಾತು ಸಲ್ಲುತ್ತದೆ.

ಇದು ಬರೀ ಸಿದ್ಧಾಂತವಲ್ಲ ಎಂದು ತೋರಿಸಿದ್ದು ಪಕ್ಕದ ತಮಿಳುನಾಡಿನ ವೆಲ್ಲೂರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಕಾಲರಾ ಹತ್ತಿದ 48 ರೋಗಿಗಳಲ್ಲಿ ಕೆಲವರಿಗೆ ಮಾಮೂಲಿ ಓ.ಆರ್.ಎಸ್., ಕೆಲವರಿಗೆ ಅಕ್ಕಿಹಿಟ್ಟು ಬೆರೆಸಿದ ಓ.ಆರ್.ಎಸ್., ಇನ್ನು ಕೆಲವರಿಗೆ ಸುಲಭವಾಗಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟ ಬೆರೆಸಿದ್ದನ್ನು ಕೊಟ್ಟರು. ಕೊನೆಯ ಗುಂಪಿನಲ್ಲಿ ನೀರು ಹೋಗುವುದು ಕಡಿಮೆಯಾಯಿತು, ಭೇದಿ ಬೇಗ ನಿಂತಿತು. ಆ ಪಿಷ್ಟ ದೊಡ್ಡ ಕರುಳಿನಲ್ಲಿ ಕೊಬ್ಬಿನಾಮ್ಲವಾಗಿ, ಉಪ್ಪು ಮತ್ತು ನೀರನ್ನು ಮೈ ಮತ್ತೆ ಹೀರಿಕೊಳ್ಳಲು ನೆರವಾಯಿತು ಎಂಬುದು ವಿವರಣೆ. 2000ನೇ ಇಸವಿಯಲ್ಲಿ ಇದು ಅಮೆರಿಕದ ಹೆಸರಾಂತ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭೇದಿಯಾದ ಮಗುವಿಗೆ ಊಟ ನಿಲ್ಲಿಸಬೇಡಿ, ತೆಳ್ಳನೆ ಗಂಜಿ ಕೊಡಿ ಎನ್ನುವ ಹಿರಿಯರ ಮಾತಿನಲ್ಲಿ ಹುರುಳಿತ್ತು.

ಹುಳಿಸಿದ ಆಹಾರದ ಬಗ್ಗೆಯೂ ಒಂದು ಅಧ್ಯಯನ ಹೇಳಬೇಕು. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಹತ್ತು ವಾರ ಒಂದಕ್ಕೆ ಹೆಚ್ಚು ನಾರಿನ ಊಟ, ಇನ್ನೊಂದಕ್ಕೆ ಮೊಸರಿನಂಥ ಹುಳಿ ಪದಾರ್ಥಗಳ ಊಟ ಹಚ್ಚಿದರು. ಹುಳಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ತಗ್ಗಿದವು. ನಾರು ತಿಂದವರಲ್ಲಿ ಅಷ್ಟು ಅವಧಿಯಲ್ಲಿ ವೈವಿಧ್ಯ ಹೆಚ್ಚಲಿಲ್ಲ. ಬಹುಶಃ ನಾರನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳೇ ಅವರಲ್ಲಿ ಕಡಿಮೆಯಾಗಿದ್ದವು. ಒಮ್ಮೆ ಕಳೆದುಕೊಂಡ ಊಟದ ರೂಢಿಯನ್ನು ಹತ್ತು ವಾರದಲ್ಲಿ ಮರಳಿ ತರಲಾಗದು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ನಮ್ಮಲ್ಲಿ ಆ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹುಳಿಸುವುದರಿಂದ ಜೋಳದಲ್ಲಿ ಕಬ್ಬಿಣ, ಸತುವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ. ರಕ್ತಹೀನತೆ ಇಷ್ಟೊಂದು ಇರುವ ಕಲ್ಯಾಣ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಜೋಳದ ತವರಾದ ಆಫ್ರಿಕದಲ್ಲಿ, ಸುಡಾನಿನ ಹೆಣ್ಣುಮಕ್ಕಳು ಇಂದಿಗೂ ಜೋಳದ ಹಿಟ್ಟನ್ನು ಹುಳಿಸಿಯೇ ಕಿಸ್ರಾ ಎಂಬ ತೆಳುರೊಟ್ಟಿ ಮಾಡುತ್ತಾರೆ.

ಹಳೆಯದೆಲ್ಲ ಒಳ್ಳೆಯದು ಎಂದು ಕಣ್ಣುಮುಚ್ಚಿ ನಂಬುವುದೂ ಬೇಡ. 1995ರಲ್ಲಿ ಅಕಾಲ ಮಳೆಗೆ ಸಿಕ್ಕಿ ಬೂಸು ಹಿಡಿದ ಜೋಳ ಮತ್ತು ಮೆಕ್ಕೆಜೋಳ ತಿಂದು ದಖ್ಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಶಿಲೀಂಧ್ರ ಉಗುಳಿದ ಫ್ಯುಮೊನಿಸಿನ್ ಎಂಬ ವಿಷ ಅದಕ್ಕೆ ಕಾರಣ. ಅಂಥ ವಿಷ ಹುಳಿಸಿದರೂ ಕುದಿಸಿದರೂ ಹೋಗುತ್ತದೆ ಎಂದು ನೆಚ್ಚಬಾರದು. ಕಪ್ಪಾದ, ಬೂಸು ವಾಸನೆ ಬರುವ ಜೋಳವನ್ನು ಬೀಸಲೇಬಾರದು. ಅಂಬಲಿಗೆ ಮಣ್ಣಿನ ಗಡಗಿ ಅಥವಾ ಸ್ಟೀಲ್ ಪಾತ್ರೆ ಇರಲಿ, ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಇಡಬೇಡಿ. ಕುಡಿಯಲು ಯೋಗ್ಯವಾದ ನೀರನ್ನೇ ಬಳಸಿ. ಬೇಸಿಗೆಯಲ್ಲಿ ಅಂದು ಮಾಡಿದ್ದನ್ನು ಅಂದೇ ಮುಗಿಸಿ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪು ಕಡಿಮೆ ಹಾಕಿಕೊಳ್ಳಬೇಕು. ನಾರು ಬಿಟ್ಟು ಬಹಳ ದಿನವಾದವರು ಒಮ್ಮೆಲೇ ಹೆಚ್ಚಿಸಿದರೆ ಗ್ಯಾಸು, ಉಬ್ಬರ ಆಗುತ್ತದೆ. ವಾರಕ್ಕಿಷ್ಟು ಎಂದು ಏರಿಸುತ್ತ ಹೋಗಬೇಕು.

ಔಷಧದಂಗಡಿಯಲ್ಲಿ ಪೋಸ್ಟ್‌ಬಯಾಟಿಕ್ ಎಂದು ಕೊಡುವುದನ್ನು ಕೊಳ್ಳುವುದಾದರೆ ಡಬ್ಬಿಯ ಮೇಲೆ ಬ್ಯಾಕ್ಟೀರಿಯಾದ ಹೆಸರಷ್ಟೇ ಅಲ್ಲ, ತಳಿಯ ಗುರುತೂ ಇದೆಯೇ, ಹೇಗೆ ನಿಷ್ಕ್ರಿಯಗೊಳಿಸಿದರು, ಪ್ರಮಾಣ ಎಷ್ಟು ಎಂದು ನೋಡಿ. ಒಂದು ತಳಿಯ ಮೇಲೆ ನಡೆದ ಪ್ರಯೋಗ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ. ಭೇದಿ ಶುರುವಾದರೆ ಮೊದಲು ಬೇಕಾದದ್ದು ಒಂದು ಲೀಟರ್ ಶುದ್ಧ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್., ಮಕ್ಕಳಿಗೆ ಅದರ ಜೊತೆ 14 ದಿನ ಸತುವಿನ ಗುಳಿಗೆ. ಎರಡೂ ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿಗುತ್ತವೆ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ನುಂಗುವುದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಹೊಡೆತ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ ಕಂಡರೆ ಅಂಬಲಿಯನ್ನಾಗಲಿ ಗುಳಿಗೆಯನ್ನಾಗಲಿ ನಂಬಿ ಕೂರದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಗೌರವ ಸಿಕ್ಕಿತು. ಅದೇ ಕಪ್ಪು ಮಣ್ಣಿನ ಹಿಂಗಾರಿ ಬಿಳಿಜೋಳಕ್ಕೆ ಸಿಗಬೇಕಾದ ಗೌರವ ಬೇರೆ ಬಗೆಯದು, ಅದು ತಟ್ಟೆಯಲ್ಲಿ ಸಿಗಬೇಕು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕ್ಯಾಂಟೀನು ನಡೆಸುವವರಿಗೆ, ವಿದ್ಯಾರ್ಥಿ ನಿಲಯಗಳ ವಾರ್ಡನ್‌ಗಳಿಗೆ, ಕಲ್ಲುಗಣಿಯ ಮಾಲೀಕರಿಗೆ ನನ್ನ ಬೇಡಿಕೆ ಇಷ್ಟೇ. ವಾರಕ್ಕೆ ಮೂರು ದಿನವಾದರೂ ಅನ್ನದ ಬದಲು ಜೋಳದ ರೊಟ್ಟಿ ಕೊಡಿ. ಮಾರ್ಚ್‌ನಿಂದ ಜೂನ್‌ವರೆಗೆ ದಿನಾ ಮಧ್ಯಾಹ್ನ ಚಹಾದ ಜೊತೆಗೆ ಒಂದು ಲೋಟ ಅಂಬಲಿಯನ್ನೂ ಇಡಿ. ಅದಕ್ಕೆ ಬೇಕಾದದ್ದು ಒಂದು ಹಿಡಿ ಜೋಳದ ಹಿಟ್ಟು, ಹುಳಿ ಮಜ್ಜಿಗೆ ಮತ್ತು ಹಿಂದಿನ ರಾತ್ರಿ ಕಲಸಿಡುವ ನೆನಪು.